ಡಾಕ್ಟರಬಾಯಿಯ ಎರಡು ಕೈ

ನಮ್ಮ ಬೀಚಿನ ಹಿಂದಿನ ದವಾಖಾನೆಯ ಡಾಕ್ಟರಬಾಯಿ, ಹೆಸರು ಕೇಳುವ ಮೊದಲೇ ರೋಗಿಯ ಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸುತ್ತಿದ್ದರು. ಅವರು ಕೊಂಕಣಿಯವರು, ಕನ್ನಡ ಕಲಿತದ್ದು ವಿಜಾಪುರದ ಕಡೆಯಿಂದ ಇಲ್ಲಿಗೆ ದುಡಿಯಲು ಬಂದ ನಮ್ಮಂಥವರಿಂದ. ವಾರದೊಳಗೆ ಮೊಡವೆ ಹೋಗಬೇಕೆಂದು ಹಟ ಹಿಡಿಯುವ ಹುಡುಗಿಯರಿಗೆಲ್ಲ ಒಂದೇ ಮಾತು: “ಗಡಿಬಿಡಿ ಬ್ಯಾಡ, ಚರ್ಮಕ್ಕ ಟೈಮ್ ಬೇಕು.”

ನಾನು ಬೀಚಿನಲ್ಲಿ ಮದರಂಗಿ ಹಾಕುವವಳು. ಬೆರಳ ತುಂಬ ನರಹುಲಿ ಎದ್ದಾಗ ಗಿರಾಕಿಗಳು ಕೈ ಹಿಂದಕ್ಕೆಳೆದುಕೊಂಡರು. ಊರಿನ ರೂಢಿಯಂತೆ ಸುಣ್ಣ ಹಚ್ಚಿ ಸುಟ್ಟುಕೊಂಡೆ. ದವಾಖಾನೆಗೆ ಹೋದಾಗ ಡಾಕ್ಟರಬಾಯಿ ಬೈಯಲಿಲ್ಲ. “ಸುಣ್ಣ ಗ್ವಾಡಿಗೆ ಹಚ್ಚೂದು ತಂಗಿ, ಕೈಗಲ್ಲ,” ಎಂದು ಮೊದಲು ಗಾಯ ಮಾಯಿಸಿದರು, ಆಮೇಲೆ ನರಹುಲಿಗೆ ಔಷಧಿ ಹಚ್ಚಿದರು. “ಇವು ಮಂದಿಗೂ ಹತ್ತತಾವು. ಹೋಗೂತನಕ ಯಾರ ಕೈನೂ ಹಿಡೀಬ್ಯಾಡ.” ಇಡೀ ಮಳೆಗಾಲ ಕಾದೆ.

ಸೀಸನ್ ಶುರುವಾಗುವಾಗ ಬೆರಳು ನುಣ್ಣಗಾಗಿದ್ದವು. ಆದರೂ ಪಕ್ಕದಲ್ಲಿ ಸರ ಮಾರುವವರು ನನ್ನ ಹಳೆಯ ಕಥೆ ಹೇಳಿ ಗಿರಾಕಿಗಳನ್ನು ದೂರದಿಂದಲೇ ಕಳಿಸಿಬಿಡುತ್ತಿದ್ದರು. ಅದು ಕಿವಿಗೆ ಬಿದ್ದಿರಬೇಕು. ಒಂದು ಭಾನುವಾರ ಡಾಕ್ಟರಬಾಯಿ ಬಂದು, ಎಲ್ಲರೆದುರು ಮರಳಿನ ಮೇಲೆ ಕುಳಿತು, ಎರಡೂ ಕೈ ನನ್ನ ಮಡಿಲಿಗಿಟ್ಟರು.

“ಮುಂಗೈತನಕ ಹಾಕು. ನಾಳೆ ಇದ ಕೈಲೆ ಎಲ್ಲಾರ ಕೈ ಹಿಡಿಯಾಕಿ ಅದೇನಿ.”