ಎರಡನೆಯ ಕೀ ಯಾರ ಹತ್ತಿರ ಇರಬೇಕು

ನಾಗಮಂಗಲದಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತನಾದ ಮೇಲೆ ನನಗೆ ಉಳಿದದ್ದು ಒಂದು ಬಾಡಿಗೆ ಮನೆ, ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪು ಮತ್ತು ಬೇಕಾದಷ್ಟು ಹೊತ್ತು. ಯಾರೋ ನನ್ನ ಮೇಲ್‌ಗೆ ನುಗ್ಗಲು ನೋಡಿದರೆಂದು ಪಾಸ್‌ವರ್ಡಿನ ಸಹವಾಸವೇ ಸಾಕಾಗಿ ಎರಡು ಸೆಕ್ಯುರಿಟಿ ಕೀ ತರಿಸಿದೆ. ಪೆನ್‌ಡ್ರೈವಿನಷ್ಟೇ ಇರುತ್ತದೆ; ಲ್ಯಾಪ್‌ಟಾಪಿಗೆ ಸಿಕ್ಕಿಸಿ, ನಡುವಿನ ಹೊಂಬಣ್ಣದ ಬಿಲ್ಲೆ ಮುಟ್ಟಿದರೆ ಮೇಲ್ ತೆರೆಯಬೇಕು.

ತೆರೆಯಲಿಲ್ಲ. ಸಿಕ್ಕಿಸಿದ ವಸ್ತುಗಳ ಪಟ್ಟಿ ಕೊಡೆಂದು ಲ್ಯಾಪ್‌ಟಾಪನ್ನು ಕೇಳಿದರೆ ಅದರ ಹೆಸರು ಬರುತ್ತದೆ, ಬ್ರೌಸರು ಮಾತ್ರ ಅಂಥದ್ದೇನೂ ಇಲ್ಲ ಎನ್ನುತ್ತದೆ. ಮೂರು ದಿನ ಒದ್ದಾಡಿದೆ. ತಪ್ಪು ಕೀಯದ್ದಲ್ಲ, ಅದನ್ನು ಬಳಸುವ ಅನುಮತಿ ಲ್ಯಾಪ್‌ಟಾಪಿನಲ್ಲಿ ನನ್ನ ಖಾತೆಗೇ ಇರಲಿಲ್ಲ. ಲಿನಕ್ಸಿನ ನಿಯಮಗಳ ಫೈಲಿಗೆ ಆ ಅನುಮತಿಯ ಒಂದು ಸಾಲು ಸೇರಿಸಿ, ಕೀ ಕಿತ್ತು ಮತ್ತೆ ಸಿಕ್ಕಿಸಿದೆ. ದೀಪ ಮಿನುಗಿತು. ಮುಟ್ಟಿದೆ, ತೆರೆಯಿತು. "ಬಂತು ನೋಡ್ಲಾ!" ಎಂದು ಕೂಗಿಬಿಟ್ಟೆ. ಮನೆಯಲ್ಲಿ ಯಾರಿದ್ದಾರೆ ಕೇಳುವುದಕ್ಕೆ? ಮದುವೆಯಾಗಲಿಲ್ಲವಲ್ಲ ಎಂದು ನನಗೆ ಬೇಜಾರಾಗುವುದು ಇಂಥ ಹೊತ್ತಿನಲ್ಲೇ.

ಎರಡನೆಯದನ್ನು ಬೇರೆ ಊರಲ್ಲಿ, ನಂಬಿಕೆಯವರ ಹತ್ತಿರ ಇಡಿ ಎಂದು ಜೊತೆಗಿದ್ದ ಕಾಗದ ಹೇಳುತ್ತಿತ್ತು. ಮೊದಲನೆಯದು ಕಳೆದರೆ ಅದೊಂದೇ ದಾರಿ. ಇಲ್ಲದಿದ್ದರೆ ಇಷ್ಟು ವರ್ಷದ ಪತ್ರ, ಫೋಟೊ ನನಗೇ ಸಿಗುವುದಿಲ್ಲ. ನಂಬಿಕೆಯವರಂತೆ! ಫೋನಿನ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ನೋಡಿ, ಕೊನೆಗೆ ಪಾಂಡವಪುರದ ಬಸ್ಸು ಹತ್ತಿದೆ. ಅಲ್ಲಿ ನನ್ನಣ್ಣನ ಚಿನ್ನದ ಕೆಲಸದ ಅಂಗಡಿ. ಅತ್ತಿಗೆ ತೀರಿಕೊಂಡಾಗ ಹೋಗಿಬಂದದ್ದೇ ಕೊನೆ.

ಕೀಯನ್ನು ಅವನ ಕೈಗಿಟ್ಟೆ. ಏನೆಂದೂ ಕೇಳದೆ ಬಿಲ್ಲೆಯನ್ನು ಒರೆಗಲ್ಲಿಗೆ ಉಜ್ಜಿಯೇಬಿಟ್ಟ.

"ಗಿಲೀಟು ಕಣ್ಲಾ. ಯಾರೋ ನಿಂಗೆ ಟೋಪಿ ಹಾಕವ್ರೆ."

"ಹಾಳ್ಮಾಡ್ಬುಟ್ಯಲ್ಲಣ್ಣ!" ಸಿಟ್ಟಿನಿಂದ ಕಿತ್ತುಕೊಂಡು, ಜೊತೆಗೆ ತಂದಿದ್ದ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಮುಟ್ಟಿದೆ. ಸದ್ಯ, ತೆರೆಯಿತು. ಕೀ ಎಂದರೇನು, ಯಾಕೆ ತಂದೆ ಎಂದು ಆಮೇಲೆ ಹೇಳಿದೆ.

ಅಂಗಡಿಗೆ ಬಂದ ಒಡವೆಯನ್ನು ಕವರಿಗೆ ಹಾಕಿ, ಯಾರ ಕೈಗೆ ಕೊಡಬೇಕೆಂದು ಬರೆದಿಡುವುದು ಅವನ ಪದ್ಧತಿ. ಇದಕ್ಕೂ ಕವರು ತೆಗೆದು ನನ್ನ ಹೆಸರು ಬರೆದ.

"ನೀನ್ ಬರಾಕಾಗ್ದಿದ್ರೆ ಯಾರ್ಗ್ ಕೊಡ್ಲಿ?"

"ನೀನೇ ಇಟ್ಕೊ."

"ನಿನ್ಗಿಂತ ಎಂಟೊರ್ಸ ದೊಡ್ಡೋನು ಕಣ್ಲಾ ನಾನು. ಇನ್ನೊಂದೆಸ್ರು ಯೋಳು."

ನನಗೆ ಒಂದು ಹೆಸರೂ ಹೊಳೆಯಲಿಲ್ಲ. ನಾಚಿಕೆಯಾಯಿತು. ಅವನು ಪೆನ್ನು ಕೆಳಗಿಟ್ಟ.

"ಓಗ್ಲಿ ಬುಡು. ಇದ್ನ ಅಂಗ್ಡೀಲಿ ಬ್ಯಾಡ, ಮನೇಲೇ ಮಡಗ್ತೀನಿ. ತಿಂಗ್ಳಿಗೊಂದ್ಸಲ ಬಂದು ಸರಿಯಾಗೈತಾ ಅಂತ ನೋಡ್ಕೊಂಡೋಗು. ಅಲ್ಗೆ ಬ್ಯಾರೆ ಯಾರೂ ಬರಾಕಿಲ್ಲ."