ಇಬ್ಬರ ಕಾಲಿಗೆ ಒಂದೇ ಗೇರು

ಗೇರಿನ ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ಹಲ್ಲಿನ ಚಕ್ರಗಳು ಸಾಲಾಗಿರುತ್ತವಲ್ಲ, ಚೈನು ದೊಡ್ಡ ಚಕ್ರಕ್ಕೆ ಬಿದ್ದರೆ ತುಳಿಯಲು ಹಗುರ, ಚಿಕ್ಕದಕ್ಕೆ ಬಿದ್ದರೆ ಭಾರ. ಇದು ನನಗೆ ಇವತ್ತಿಗೂ ಪೂರ್ತಿ ನಂಬಿಕೆಯಾಗಿಲ್ಲ. ಸಿಮೆಂಟಿನ ಮೂಟೆಯಿಂದ ಅಕ್ಕಿ ಚೀಲದವರೆಗೆ ನಾನು ಹೊತ್ತದ್ದೆಲ್ಲ ದೊಡ್ಡದಾದಷ್ಟೂ ಭಾರವೇ ಆಗಿತ್ತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಎಂಟನೇ ಕ್ಲಾಸಿನಲ್ಲಿ ಇದನ್ನು ಹೇಳಿಕೊಡುತ್ತಾರೋ ಏನೋ.

ಹಗುರ ಅಂದಮೇಲೆ ಎಲ್ಲರೂ ಅದನ್ನೇ ಹಾಕಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ತೊಂದರೆ ಇರುವುದೇ ಅಲ್ಲಿ. ಹಗುರದ ಗೇರಿನಲ್ಲಿ ಕಾಲು ಗಿರಗಿರ ತಿರುಗುತ್ತದೆ, ಸೈಕಲ್ಲು ಮಾತ್ರ ಸರ್ಕಾರಿ ಕಡತದ ಹಾಗೆ ಸಾಗುತ್ತದೆ. ಗಟ್ಟಿ ಕಾಲಿನವನಿಗೆ ಅದು ಅವಮಾನ, ಸೊರಗಿದವನಿಗೆ ಅದೇ ಆಸರೆ. ಒಬ್ಬನ ಕಾಲೇ ದಿನಕ್ಕೊಂದು ಥರ ಇರುತ್ತದೆ ಎಂಬುದು ಗೇರು ಮಾಡಿದವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು ಅನ್ನುವುದೇ ಇಲ್ಲಿನ ಸಂಕಟ.

ನಾನು, ನನ್ನ ತಮ್ಮ ಮಾಂತೇಶ ಬಾಗಲಕೋಟೆ ಕಡೆಯವರು. ಬೆಂಗಳೂರಿನ ಪಟ್ಟಂದೂರು ಅಗ್ರಹಾರದಲ್ಲಿ ಒಂದು ರೂಮು, ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಇಬ್ಬರಿಗೂ ಸೇರಿ ಹಳೆಯದೊಂದು ಗೇರಿನ ಸೈಕಲ್ಲು. ಅವನಿಗೆ ಹಗಲು ಪಾಳಿ, ನನಗೆ ರಾತ್ರಿ ಪಾಳಿ. ಸೀಟಿನ ಬಿಸಿ ಆರಿದ್ದೇ ಇಲ್ಲ. ಮೊದಲೆಲ್ಲ ಅವನೇ ನನಗಿಂತ ಗಟ್ಟಿ. ಹೋದ ವರ್ಷ ಕಾಮಾಲೆಯಾಗಿ ಊರಿನಲ್ಲಿ ತಿಂಗಳುಗಟ್ಟಲೆ ಮಲಗಿ ತಿರುಗಿ ಬಂದಾಗ ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡಿದ್ದ.

ಅದೇ ಹೊತ್ತಿಗೆ ಗೇರು ಬದಲಿಸುವ ಲಿವರು ಮುರಿಯಿತು.

"ಈ ಲಿವರ್ ಈಗ ಸಿಗಲ್ಲ ಅಣ್ಣ," ಎಂದ ಸೈಕಲ್ ಅಂಗಡಿಯವನು. "ಚೈನ್ ಯಾವುದಾದ್ರೂ ಒಂದಕ್ಕೆ ಕೂರಿಸ್ಬಿಡ್ತೀನಿ. ಯಾವುದಕ್ಕೆ, ಹೇಳಿ?"

ತುಳಿದು ನೋಡಿ ಭಾರದ್ದನ್ನೇ ತೋರಿಸಿದೆ.

"ನೀವೊಬ್ರೇ ತಾನೇ ಓಡ್ಸೋದು?"

"ಹೂಂ," ಎಂದೆ.

ಮರೆತು ಹೇಳಿದ್ದಲ್ಲ. ತಮ್ಮನ ಸೊಂಟದ ಹಗ್ಗ ಕಣ್ಣ ಮುಂದೆಯೇ ಇತ್ತು. ಆದರೆ ಗಿರಗಿರ ತುಳಿಯುತ್ತ ಗೇಟಿಗೆ ಬರುವ ನನ್ನನ್ನು ಕಂಡು ಜೊತೆಯವರು ನಗುವುದು ಅದಕ್ಕಿಂತ ಮುಂದೆ ಬಂದು ನಿಂತಿತ್ತು.

"ಯಣ್ಣಾ, ಸೈಕಲ್ಲು ಭಾಳ ಬಿಗಿ ಆಗೇತಿ," ಎಂದ ಮಾಂತೇಶ.

"ಸೈಕಲ್ಲಿಗೇನಾಗೇತಲೇ? ನೀನ ಮೆತ್ತಗಾಗಿದಿ. ತುಳಿ, ಶಕ್ತಿ ಬರ್ತೈತಿ," ಎಂದು ದೊಡ್ಡ ಡಾಕ್ಟರಂತೆ ಹೇಳಿದೆ.

ಅವನು ಏರಿನಲ್ಲಿ ಇಳಿದು ತಳ್ಳಿದ. ಆಮೇಲಾಮೇಲೆ ಸಮನಾದ ರಸ್ತೆಯಲ್ಲೂ ತಳ್ಳಿದ. ದಿನವೂ ತಡವಾಗತೊಡಗಿತು, ಕೊನೆಗೆ ಗುತ್ತಿಗೆದಾರ ಅವನನ್ನು ಕೆಲಸದಿಂದ ಬಿಡಿಸಿದ.

ಅವತ್ತೇ ಓಡಿಹೋಗಿ ಚೈನನ್ನು ದೊಡ್ಡ ಚಕ್ರಕ್ಕೆ ಹಾಕಿಸಿ ತಂದೆ. ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದ ಮಾಂತೇಶನ ಮುಖ ಅರಳಿತ್ತು.

"ಬೆಣ್ಣಿ ಆಗೇತಿ ಯಣ್ಣಾ! ಇದನ್ನ ಮದ್ಲ ಮಾಡಾಕ ಬರ್ತಿದ್ದಿಲ್ಲೇನು?"

ನಿಜ ಹೇಳಬೇಕಾಗಿದ್ದ ಹೊತ್ತು ಅದು. "ಸಾಮಾನು ಸಿಕ್ಕಿದ್ದಿಲ್ಲ. ಹುಡುಕಿ ತಂದೆ," ಎಂದುಬಿಟ್ಟೆ.

ಈಗ ನಾನು ರಾತ್ರಿ ಗಿರಗಿರ ತುಳಿಯುತ್ತಲೇ ಕೆಲಸಕ್ಕೆ ಹೋಗುತ್ತೇನೆ. ಯಾರೂ ನಗಲಿಲ್ಲ. ಯಾರೂ ನೋಡಲೇ ಇಲ್ಲ. ಯಾರ ನಗೆಗೆ ಹೆದರಿ ತಮ್ಮನ ಅನ್ನ ಕಳೆದೆನೋ ಅವರಿಗೆಲ್ಲ ಅವರವರದೇ ಏರು ಇತ್ತು.

ಮಾಂತೇಶನಿಗೆ ಬೇರೆ ಕೆಲಸ ಸಿಕ್ಕಿಲ್ಲ. ಇಷ್ಟು ದಿನ ತಳ್ಳಿ ತಳ್ಳಿ ಉಳಿದ ಶಕ್ತಿಯೂ ಸೋರಿದೆ. ಸಿಗುತ್ತದೆಂಬ ಆಸೆ ನನಗೂ ಇಲ್ಲ. ಬೆಳಿಗ್ಗೆ ಹಾಲಿನಂಗಡಿಗೆ ಮಾತ್ರ ಸೈಕಲ್ಲಿನಲ್ಲಿ ಹೋಗಿಬರುತ್ತಾನೆ. ಸಿಕ್ಕವರನ್ನೆಲ್ಲ ನಿಲ್ಲಿಸಿ, "ನಮ್ಮಣ್ಣ ಬೆಂಗಳೂರೆಲ್ಲ ತಿರುಗಿ ನನಗಂತ ಸಾಮಾನು ತಂದಾನ್ರಿ," ಎನ್ನುತ್ತಾನೆ. "ಅಣ್ಣ ಅಂದ್ರೆ ನಿಮ್ಮ ಹಾಗಿರ್ಬೇಕು ಕಣ್ರೀ," ಎಂದು ಪಕ್ಕದ ರೂಮಿನ ಅಕ್ಕ ನನ್ನನ್ನು ತಡೆದು ಹೇಳಿದರು.

ನಿಜ ತಿಳಿದು ಅವನು ಬೈದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಹೊಗಳಿಕೆ ಹಾಗಲ್ಲ, ಹಾಲಿನ ಜೊತೆ ದಿನಾ ಮನೆಗೆ ಬರುತ್ತದೆ. ನಾನು ಚಹಾಕ್ಕೆ ನೀರಿಟ್ಟು ಕಾಯುತ್ತಿರುತ್ತೇನೆ.