ಸೊನ್ನೆ ಹುಡುಕುವ ದೇವಾನಂದ

ಗಾಂಧಿ ಚೌಕದಲ್ಲಿ ಟೈಪಿಂಗ್ ಅಂಗಡಿ ಇಟ್ಟಿರುವ ದೇವಾನಂದ ಯಾವ ಫೈಲ್ ತೆರೆದರೂ ಮೊದಲು ಹುಡುಕುವುದು ಕನ್ನಡದ ಅಂಕಿ ಸೊನ್ನೆಯನ್ನು. ಅನುಸ್ವಾರ ಇರಬೇಕಾದ ಕಡೆ ಯಾರಾದರೂ ಆ ಅಂಕಿ ಹೊಡೆದಿದ್ದರೆ ಅವನಿಗೆ ಚಹಾ ಕೂಡ ರುಚಿಸದು. "ನಮ್ಮ ಕಣ್ಣಿಗೆ ಎರಡೂ ಒಂದ ರೀ, ಕಂಪ್ಯೂಟರಿಗೆ ಬ್ಯಾರೆ. ಹುಡುಕಿದ್ರ ಆ ಶಬ್ದ ಸಿಗಂಗಿಲ್ಲ," ಎಂದು ಝೆರಾಕ್ಸಿಗೆ ಬಂದವರಿಗೂ ಹೇಳುತ್ತಾನೆ. ಬಣ್ಣದಲ್ಲಿ ಬರೆದ ಅಂಗಡಿ ಬೋರ್ಡುಗಳನ್ನೂ ಅನುಮಾನದಿಂದಲೇ ಓದುತ್ತಾನೆ. ಮೊನ್ನೆ ಕನಮಡಿಯ ಮುದುಕಿ ದುಂಡವ್ವ, ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದ ಪಟ್ಟಿಯಿದ್ದ ಪೆನ್‌ಡ್ರೈವ್ ಹಿಡಿದು ಬಂದಳು. "ವಯಸ್ಸಿನ ದಾಖಲೆ ಬೇಕಾಗೇತಿ. ನಾಕನೇ ತನಕ ಸಾಲಿ ಕಲ್ತೇನಪಾ, ಪಟ್ಟ್ಯಾಗ ಹುಡುಕಿದ್ರ ನನ್ನ ಹೆಸರ ಇಲ್ಲಂತಾರ." ದೇವಾನಂದ ಅನುಸ್ವಾರದ ಬದಲು ಸೊನ್ನೆ ಹಾಕಿ ಹುಡುಕಿದ. ದುಂಡವ್ವ ಸಿಕ್ಕಳು. ಅವಳು ಪರದೆಯ ಮೇಲೆ ಬೆರಳಿಟ್ಟು ತನ್ನ ಹೆಸರನ್ನು ಅಕ್ಷರ ಕೂಡಿಸಿ ಓದಿದಳು. ಅವನ ಕಣ್ಣು ಮಾತ್ರ ಪುಟದ ತಳದಲ್ಲಿ ನಿಂತಿತ್ತು. ಅಲ್ಲಿ ಟೈಪ್ ಮಾಡಿದವನ ಹೆಸರಿತ್ತು: ದೇವಾನಂದ. ಅದು ಅವನು ಕೆಲಸ ಕಲಿಯುತ್ತಿದ್ದ ವರ್ಷದ ಫೈಲು. "ಯವ್ವಾ, ನಿನ್ನ ಹೆಸರ ಕಳದಾಂವ ನಾನ," ಎಂದ, ತಲೆ ಎತ್ತದೆ. ದುಂಡವ್ವ ಸ್ಟೂಲ್ ಎಳೆದುಕೊಂಡು ಕೂತಳು. "ಹಂಗಾರ ನಮ್ಮ ಸಂಗವ್ವನ್ನೂ ಹುಡುಕು. ಆಕಿ ನನ್ನ ಬಾಜೂಕ ಕುಂಡ್ರತಿದ್ಲು."